ಟ್ರಂಪ್ ಸಹಿ ಹಾಕಿದರೆ ಅದೇ ಕಾನೂನಾ?

ಹೋದ ಸಂಚಿಕೆಯಲ್ಲಿ ಒಬ್ಬ ಓದುಗರು, ಅಮೆರಿಕದ ಅಧ್ಯಕ್ಷರು ಸಹಿ ಹಾಕಿ ಕ್ಯಾಮೆರಾಗೆ ತಿರುಗಿಸಿ ತೋರಿಸುವ ಆ ದೊಡ್ಡ ಫೈಲು ಏನು ಅಂತ ಕೇಳಿದ್ದರು. ಅದು ‘ಎಕ್ಸಿಕ್ಯೂಟಿವ್ ಆರ್ಡರ್’, ಅಂದರೆ ಅಧ್ಯಕ್ಷರ ಆದೇಶ ಅಂತ ಹೇಳಿ, ಜಾಗ ಇಲ್ಲ ಅಂತ ನಾಲ್ಕು ಸಾಲಿನಲ್ಲಿ ಮುಗಿಸಿದ್ದೆ. ಅದೇ ತಪ್ಪಾಯಿತು. ಪತ್ರ, ಇಮೇಲು, ವಾಟ್ಸಾಪು ಎಲ್ಲ ಸೇರಿ ಒಂದು ರಾಶಿ ಬಂತು, ಅದರಲ್ಲಿ ಅರ್ಧ ಬೈಗುಳ. ಹಾಗಾಗಿ ಹೊಸ ವರ್ಷದ ಈ ಮೊದಲ ಪುಟ ಪೂರ್ತಿ ಅದಕ್ಕೇ ಮೀಸಲು.

ಪೇಪರಿನಲ್ಲಿ ಒಂದು ದಿನ ‘ಟ್ರಂಪ್ ಸುಗ್ರೀವಾಜ್ಞೆ’ ಅಂತ ಬರುತ್ತೆ, ಇನ್ನೊಂದು ದಿನ ‘ಕಾರ್ಯಾದೇಶ’. ಟಿವಿಯವರು ಎಕ್ಸಿಕ್ಯೂಟಿವ್ ಆರ್ಡರ್ ಅಂತಾರೆ. ಮೂರೂ ಒಂದೇನಾ? ನಮ್ಮ ರಾಜ್ಯಪಾಲರು ಹೊರಡಿಸೋ ಸುಗ್ರೀವಾಜ್ಞೆ ಥರಾನೇ ಇದು?
— ನಿವೃತ್ತ ಮೇಷ್ಟ್ರು, ದಾವಣಗೆರೆ

ಅಲ್ಲ ಮೇಷ್ಟ್ರೇ. ಕಾರ್ಯಾದೇಶ, ಎಕ್ಸಿಕ್ಯೂಟಿವ್ ಆರ್ಡರ್ ಎರಡೂ ಒಂದೇ, ಸುಗ್ರೀವಾಜ್ಞೆ ಬೇರೆ. ‘ಸುಗ್ರೀವಾಜ್ಞೆ’ ಅಂತ ಬರೆದವರು ಅವಸರದಲ್ಲಿ ಬರೆದಿದ್ದಾರೆ, ಅಷ್ಟೆ.

ನಮ್ಮ ಸುಗ್ರೀವಾಜ್ಞೆ ಇದೆಯಲ್ಲ, ಅದು ಕಾನೂನೇ. ಸದನ ನಡೆಯದೆ ಇರುವಾಗ ತುರ್ತು ಬಿದ್ದರೆ ಹೊರಡಿಸಲಿ ಅಂತ ಸಂವಿಧಾನವೇ 123ನೇ ವಿಧಿಯಲ್ಲಿ ರಾಷ್ಟ್ರಪತಿಗೆ, 213ನೇ ವಿಧಿಯಲ್ಲಿ ರಾಜ್ಯಪಾಲರಿಗೆ ಈ ಅಧಿಕಾರ ಕೊಟ್ಟಿದೆ. ಆದರೆ ಅದರ ಆಯುಷ್ಯ ಕಡಿಮೆ. ಸದನ ಮತ್ತೆ ಸೇರಿ ಆರು ವಾರದೊಳಗೆ ಅದನ್ನು ಒಪ್ಪದಿದ್ದರೆ ಅದರ ಕಥೆ ಮುಗಿಯಿತು. ರಾಮಾಯಣದ ಸುಗ್ರೀವ ಕೂಡ ಸೀತೆಯನ್ನು ಹುಡುಕಲು ಹೊರಟ ಕಪಿಗಳಿಗೆ ಒಂದು ತಿಂಗಳ ಗಡುವು ಹಾಕಿದ್ದ, ದಾಟಿದರೆ ತಲೆ ಇರಲ್ಲ ಅಂತ. ಗಡುವಿನ ಲೆಕ್ಕದಲ್ಲಿ ಹೆಸರು ಸರಿಯಾಗಿಯೇ ಕೂತಿದೆ. 2025ರ ಫೆಬ್ರುವರಿಯಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳದ ವಿರುದ್ಧ ನಮ್ಮ ಸರ್ಕಾರ ಸುಗ್ರೀವಾಜ್ಞೆ ತಂದಿತು, ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿ ಆಮೇಲೆ ಸಹಿ ಹಾಕಿದರು. ಸಹಿ ಬಿದ್ದು ಜಾರಿಯಾದ ಮೇಲೆ ಅದು ಸಾಲ ವಸೂಲಿಗೆ ಬರುವವನ ಮೇಲೂ ಕಾನೂನೇ.

ಅಮೆರಿಕದ ಆದೇಶ ಹಾಗಲ್ಲ. ಅದು ಅಧ್ಯಕ್ಷರು ತಮ್ಮ ಕೈಕೆಳಗಿನ ಇಲಾಖೆಗಳಿಗೆ ಬರೆಯುವ ಅಪ್ಪಣೆ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ವಿಧಾನಸೌಧದ ಸರ್ಕಾರಿ ಆದೇಶ, ಜಿ.ಓ. ಮೇಲ್ಗಡೆ ‘ಕರ್ನಾಟಕ ಸರ್ಕಾರದ ನಡವಳಿಗಳು’, ಕೊನೆಗೆ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಅಂತ ಇರುತ್ತದಲ್ಲ, ಅದೇ ಹಾಳೆ. ನಿಮ್ಮ ಬಡ್ತಿ ಬಂದಿದ್ದೂ ವರ್ಗಾವಣೆ ತಪ್ಪಿದ್ದೂ ಅಂಥ ಹಾಳೆಯಿಂದಲೇ ಇರಬೇಕು. ಆ ಹಾಳೆ ಬಿಇಓ ಆಫೀಸನ್ನು ಅಲ್ಲಾಡಿಸಬಹುದು, ಪಕ್ಕದ ಮನೆಯವರಿಗೆ ‘ಹೀಗೆ ಮಾಡು’ ಅಂತ ಹೇಳಲು ಅದಕ್ಕೆ ಹಿಂದೆ ಒಂದು ಕಾನೂನು ಬೇಕು. ಅಮೆರಿಕದಲ್ಲೂ ಅಷ್ಟೇ. ವ್ಯತ್ಯಾಸ ಏನೆಂದರೆ ಅವರ ಹಾಳೆಗೆ ಆರು ವಾರದ ಗಡುವಿಲ್ಲ. ಯಾರಾದರೂ ಅಳಿಸುವ ತನಕ ಇರುತ್ತದೆ.

ನಮ್ಮದು ಬಹಳ ಶುದ್ಧ ಅಂತಲೂ ಅಲ್ಲ ಬಿಡಿ. ಬಿಹಾರದಲ್ಲಿ 1967ರಿಂದ 1981ರ ನಡುವೆ 256 ಸುಗ್ರೀವಾಜ್ಞೆ ಹೊರಡಿಸಿ, ಅವಧಿ ಮುಗಿದಾಗಲೆಲ್ಲ ಮತ್ತೆ ಮತ್ತೆ ಹೊರಡಿಸಿ, ಕೆಲವನ್ನು ಹತ್ತು ವರ್ಷಕ್ಕೂ ಮೇಲೆ ಬದುಕಿಸಿಟ್ಟಿದ್ದರು. ಇದು ಸಂವಿಧಾನಕ್ಕೆ ಮಾಡಿದ ಮೋಸ ಅಂತ 1986ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಅಮೆರಿಕದ ಸಂವಿಧಾನದಲ್ಲಿ ಇದಕ್ಕೆ ಯಾವ ವಿಧಿ ಇದೆ? ನಮ್ಮ ಲೆಕ್ಚರರ್ ಇಲ್ಲ ಅಂದರು, ಗೂಗಲ್ ಇದೆ ಅನ್ನುತ್ತೆ.
— ಕಾನೂನು ವಿದ್ಯಾರ್ಥಿನಿ, ಹುಬ್ಬಳ್ಳಿ

ಲೆಕ್ಚರರ್ ಹೇಳಿದ್ದು ಸರಿ. ‘ಎಕ್ಸಿಕ್ಯೂಟಿವ್ ಆರ್ಡರ್’ ಅನ್ನುವ ಪದವೇ ಅಲ್ಲಿಲ್ಲ. ಎರಡನೇ ವಿಧಿಯಲ್ಲಿ ಎರಡು ಮಾತಿದೆ, ಕಾರ್ಯಾಂಗದ ಅಧಿಕಾರ ಅಧ್ಯಕ್ಷನದು, ಕಾನೂನುಗಳು ನಿಷ್ಠೆಯಿಂದ ಜಾರಿಯಾಗುವಂತೆ ಅವನು ನೋಡಿಕೊಳ್ಳಬೇಕು. ಅಷ್ಟರ ಮೇಲೆಯೇ ಜಾರ್ಜ್ ವಾಷಿಂಗ್ಟನ್ ಕಾಲದಿಂದ ಈ ಪದ್ಧತಿ ನಡೆದುಬಂದಿದೆ. ಬಹಳ ಕಾಲ ಇವಕ್ಕೆ ನಂಬರೂ ಇರಲಿಲ್ಲ. 1907ರಲ್ಲಿ ಕೂತು, ಹಳೇ ಕಡತ ತೆಗೆದು, ಲಿಂಕನ್ ಅವರ 1862ರ ಒಂದು ಆದೇಶದಿಂದ ಎಣಿಸಲು ಶುರು ಮಾಡಿದರು. ಗೆಜೆಟ್‌ನಲ್ಲಿ ಅಚ್ಚಾಗಬೇಕು ಅನ್ನುವ ಕಾನೂನು ಬಂದಿದ್ದು 1935ರಲ್ಲಿ.

ಎಣಿಕೆಯಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ಯಾರೂ ಮುಟ್ಟಿಲ್ಲ, 3,700ಕ್ಕೂ ಜಾಸ್ತಿ. ವಿಲಿಯಂ ಹೆನ್ರಿ ಹ್ಯಾರಿಸನ್ ಅವರದು ಸೊನ್ನೆ. ಸಂಯಮ ಅಂದುಕೊಳ್ಳಬೇಡಿ, ಪಾಪ ಅವರು ಅಧಿಕಾರಕ್ಕೆ ಬಂದ ತಿಂಗಳಿಗೇ ತೀರಿಕೊಂಡರು. ಟ್ರಂಪ್ ಮೊದಲ ಸಲ ನಾಲ್ಕು ವರ್ಷಕ್ಕೆ 220 ಹೊರಡಿಸಿದ್ದರು. ಈ ಸಲ 2025 ಒಂದೇ ವರ್ಷದಲ್ಲಿ ಅದನ್ನು ದಾಟಿಸಿದ್ದಾರೆ.

ಶಿಕ್ಷಣ ಇಲಾಖೆಯನ್ನೇ ಒಂದು ಸಹಿಯಲ್ಲಿ ಮುಚ್ಚಿಬಿಟ್ಟರು ಅಂತ ನಮ್ಮ ಗ್ರೂಪಿನಲ್ಲಿ ವಿಡಿಯೋ ಬಂದಿತ್ತು. ಒಂದು ದೇಶದಲ್ಲಿ ಹೀಗೆಲ್ಲ ಆಗುತ್ತಾ?
— ಕಲಬುರಗಿ ಓದುಗರು

ವಿಡಿಯೋ ನಿಜ, ಮುಚ್ಚಿದ್ದು ನಿಜವಲ್ಲ.

2025ರ ಮಾರ್ಚ್ 20. ಶ್ವೇತಭವನದಲ್ಲಿ ಶಾಲೆಯ ಡೆಸ್ಕುಗಳನ್ನು ಹಾಕಿ ಮಕ್ಕಳನ್ನು ಕೂರಿಸಿದ್ದರು. ಅಧ್ಯಕ್ಷರು ಸಹಿ ಹಾಕಿ ಎತ್ತಿ ತೋರಿಸಿದರು, ಮಕ್ಕಳೂ ತಮ್ಮ ತಮ್ಮ ಹಾಳೆ ಎತ್ತಿ ತೋರಿಸಿದರು. ನೋಡಿದವರಿಗೆ ಇಲಾಖೆಗೆ ಬೀಗ ಬಿತ್ತು ಅಂತಲೇ ಅನಿಸಬೇಕು. ಈಗ ಹಾಳೆ ಓದಿ. ಇಲಾಖೆಯನ್ನು ಮುಚ್ಚಲು ಬೇಕಾದ ಕ್ರಮಗಳನ್ನೆಲ್ಲ ತೆಗೆದುಕೊಳ್ಳಿ ಅಂತ ಮಂತ್ರಿಗೆ ಹೇಳುವ ವಾಕ್ಯದ ಜೊತೆಗೇ ಒಂದು ಮಾತು ಸೇರಿಸಿದ್ದಾರೆ, ‘ಸೂಕ್ತವೆನಿಸುವಷ್ಟು ಮತ್ತು ಕಾನೂನು ಅನುಮತಿಸುವಷ್ಟು ಮಟ್ಟಿಗೆ’ ಅಂತ. ಆ ಇಲಾಖೆ ಹುಟ್ಟಿದ್ದು 1979ರಲ್ಲಿ ಸಂಸತ್ತು, ಅಂದರೆ ಅವರ ಕಾಂಗ್ರೆಸ್, ಮಾಡಿದ ಕಾನೂನಿನಿಂದ. ಹುಟ್ಟಿಸಿದ್ದು ಕಾಂಗ್ರೆಸ್, ಮುಚ್ಚಬೇಕಾದ್ದೂ ಕಾಂಗ್ರೆಸ್ಸೇ. ಹಾಳೆ ಬರೆದುಕೊಟ್ಟ ವಕೀಲರಿಗೆ ಇದು ಚೆನ್ನಾಗಿ ಗೊತ್ತು.

ಆದರೆ ‘ಹಾಗಿದ್ರೆ ಇದು ಬರೀ ನಾಟಕ’ ಅಂತ ಸುಮ್ನೆ ಕೂರುವ ಹಾಗೂ ಇಲ್ಲ. ಈ ಸಹಿಗೆ ಒಂಬತ್ತು ದಿನ ಮುಂಚೆಯೇ ಆ ಇಲಾಖೆ ತನ್ನ ಸುಮಾರು ಅರ್ಧ ಸಿಬ್ಬಂದಿಯನ್ನು ತೆಗೆಯುವುದಾಗಿ ಹೇಳಿಯಾಗಿತ್ತು. ಕೆಳ ಕೋರ್ಟ್ ತಡೆಯಿತು, ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನು ಸದ್ಯಕ್ಕೆ ತೆಗೆಯಿತು. ಬೋರ್ಡು ಬಾಗಿಲ ಮೇಲೆ ಹಾಗೇ ಇದೆ, ಒಳಗೆ ಕುರ್ಚಿಗಳು ಖಾಲಿ. ಮುಚ್ಚಲಿಲ್ಲ ಅಂತ ವಾದಿಸಬಹುದು, ತೆರೆದಿದೆ ಅಂತ ಹೇಳೋದು ಕಷ್ಟ. ನನ್ನ ತಕರಾರು ಇರುವುದು ಇಲ್ಲಿ. ಇಲಾಖೆ ಬೇಡ ಅನ್ನುವುದು ಒಂದು ನಿಲುವು, ಅದಕ್ಕೆ ವಾದವೂ ಇದೆ. ಹಾಗಿದ್ದರೆ ಮಸೂದೆ ತನ್ನಿ, ಮತಕ್ಕೆ ಹಾಕಿ. ಎರಡೂ ಸದನದಲ್ಲಿ ಅವರದೇ ಪಕ್ಷಕ್ಕೆ ಬಹುಮತ ಇದೆ. ಆದರೆ ಸೆನೆಟ್‌ನಲ್ಲಿ ಇಂಥ ಮಸೂದೆ ದಾಟಬೇಕಾದರೆ 60 ಮತ ಬೇಕು, ಅಷ್ಟಿಲ್ಲ. ಹಾಗಾಗಿ ಡೆಸ್ಕು, ಮಕ್ಕಳು, ಕ್ಯಾಮೆರಾ.

ಇನ್ನೊಂದು ಸಾಲು ಎಲ್ಲ ಆದೇಶಗಳ ಬಾಲದಲ್ಲೂ ಹೆಚ್ಚುಕಡಿಮೆ ಇರುತ್ತದೆ. ಈ ಆದೇಶದಿಂದ ಯಾರಿಗೂ ಕೋರ್ಟಿನಲ್ಲಿ ಕೇಳಿ ಪಡೆಯಬಹುದಾದ ಯಾವ ಹಕ್ಕೂ ಹುಟ್ಟುವುದಿಲ್ಲ ಅಂತ. ವಿಡಿಯೋದವರು ಅದನ್ನು ಓದಲ್ಲ.

ಸರ್, ಅಧ್ಯಕ್ಷರು ಹೇಳಿದ್ದನ್ನು ಕೋರ್ಟ್ ನಿಜವಾಗಿ ತಳ್ಳಿಹಾಕಿದ ಉದಾಹರಣೆ ಇದೆಯಾ? ಅಥವಾ ಪುಸ್ತಕದಲ್ಲಿ ಮಾತ್ರಾನಾ?
— ತುಮಕೂರು

ಇದೆ, ಅದೂ ಯುದ್ಧದ ಮಧ್ಯೆ. 1952, ಕೊರಿಯಾದಲ್ಲಿ ಅಮೆರಿಕದ ಸೈನಿಕರು ಹೋರಾಡುತ್ತಿದ್ದಾರೆ, ಇತ್ತ ಉಕ್ಕಿನ ಕಾರ್ಖಾನೆ ಕಾರ್ಮಿಕರು ಮುಷ್ಕರಕ್ಕೆ ಹೊರಟಿದ್ದಾರೆ. ಉಕ್ಕಿಲ್ಲದಿದ್ದರೆ ಗುಂಡಿಲ್ಲ. ಅಧ್ಯಕ್ಷ ಟ್ರೂಮನ್ ಏಪ್ರಿಲ್ 8ರ ರಾತ್ರಿ ದೇಶವನ್ನು ಉದ್ದೇಶಿಸಿ ಮಾತಾಡಿ, 10340ನೇ ನಂಬರಿನ ಆದೇಶದಿಂದ ಬಹುಪಾಲು ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ಮಾಲೀಕರು ಕೋರ್ಟಿಗೆ ಹೋದರು. ಎರಡು ತಿಂಗಳೊಳಗೆ, ಜೂನ್ 2ಕ್ಕೆ, ಸುಪ್ರೀಂ ಕೋರ್ಟ್ 6–3ರಲ್ಲಿ ಆದೇಶ ರದ್ದು ಮಾಡಿತು. ಇಂಥ ಅಧಿಕಾರ ಸಂವಿಧಾನದಿಂದ ಬರಬೇಕು, ಇಲ್ಲವೇ ಕಾಂಗ್ರೆಸ್ಸಿನ ಕಾನೂನಿನಿಂದ ಬರಬೇಕು, ಇಲ್ಲಿ ಎರಡೂ ಇಲ್ಲ ಅಂತ.

ಇದರ ಸ್ವಾರಸ್ಯ ಏನು ಗೊತ್ತಾ? ಆಗ ಪೀಠದಲ್ಲಿದ್ದ ಒಂಬತ್ತೂ ನ್ಯಾಯಮೂರ್ತಿಗಳು ರೂಸ್‌ವೆಲ್ಟ್ ಅಥವಾ ಟ್ರೂಮನ್ ನೇಮಿಸಿದವರೇ. ಟ್ರೂಮನ್ ತಾವೇ ಕೂರಿಸಿದ ನಾಲ್ವರಲ್ಲಿ ಇಬ್ಬರು ಅವರ ವಿರುದ್ಧ ಹೋದರು. ತೀರ್ಪು ಬರೆದ ಹ್ಯೂಗೋ ಬ್ಲ್ಯಾಕ್ ಆಮೇಲೆ ಅಧ್ಯಕ್ಷರನ್ನು ಮನೆಗೆ ಕರೆದು ಉಪಚರಿಸಿದರಂತೆ. ಟ್ರೂಮನ್ ಮೊದಲು ಬಿಗಿದುಕೊಂಡಿದ್ದು, ಎರಡು ಗುಟುಕು ಒಳಗೆ ಹೋದ ಮೇಲೆ, ನಿನ್ನ ಕಾನೂನು ನನಗೆ ಅಷ್ಟಕ್ಕಷ್ಟೇ, ಆದರೆ ವಿಸ್ಕಿ ಚೆನ್ನಾಗಿದೆ ಅಂದರು ಅನ್ನುವ ಕಥೆಯಿದೆ.

ಅದೇ ಕೇಸಿನಲ್ಲಿ ನ್ಯಾಯಮೂರ್ತಿ ಜಾಕ್ಸನ್ ಬೇರೆಯಾಗಿ ಬರೆದದ್ದನ್ನು ಇವತ್ತಿಗೂ ಎಲ್ಲ ವಕೀಲರೂ ಹಿಡಿದುಕೊಳ್ಳುತ್ತಾರೆ. ನಮ್ಮ ಹಾಲಿನ ಡೇರಿ ಸೊಸೈಟಿ ಲೆಕ್ಕದಲ್ಲಿ ಹೇಳುತ್ತೇನೆ. ಸರ್ವಸದಸ್ಯರ ಸಭೆ ‘ಮಾಡಿ’ ಅಂದ ಕೆಲಸವನ್ನು ಸೊಸೈಟಿ ಅಧ್ಯಕ್ಷ ಮಾಡಿದರೆ ಅವನನ್ನು ತಡೆಯೋದು ಕಷ್ಟ. ಸಭೆ ಏನೂ ಹೇಳದೆ ಇದ್ದಾಗ ಮಾಡಿದರೆ ಅನುಮಾನದ ಜಾಗ. ಸಭೆ ‘ಬೇಡ’ ಅಂದಿದ್ದನ್ನು ಮಾಡಿದರೆ ಅವನ ಕೈ ತೀರಾ ದುರ್ಬಲ. ಯಾವುದೇ ಹೊಸ ಆದೇಶ ಬಂದಾಗ ಇದು ಮೂರರಲ್ಲಿ ಯಾವ ಕೋಣೆಗೆ ಬೀಳುತ್ತದೆ ಅಂತ ನೋಡಿ, ಅರ್ಧ ಉತ್ತರ ಸಿಕ್ಕಿರುತ್ತದೆ.

ಮಗಳು, ಅಳಿಯ ಇಬ್ಬರೂ ಟೆಕ್ಸಾಸ್‌ನಲ್ಲಿ ಎಚ್-1ಬಿ ವೀಸಾ ಮೇಲೆ ಇದ್ದಾರೆ. ಮೇ ತಿಂಗಳಲ್ಲಿ ಹೆರಿಗೆ. ಮಗುವಿಗೆ ಅಲ್ಲಿನ ಪೌರತ್ವ ಸಿಗುತ್ತಾ ಇಲ್ವಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ರಾತ್ರಿ ನಿದ್ದೆ ಬರಲ್ಲ.
— ಒಬ್ಬ ತಾಯಿ, ಮೈಸೂರು

ಅಮ್ಮಾ, ಮೊದಲು ಸಮಾಧಾನ ಮಾಡಿಕೊಳ್ಳಿ. 2025ರ ಕೊನೆಯವರೆಗೆ ಪೌರತ್ವದ ಆ ಆದೇಶ ಒಂದು ಮಗುವಿನ ಮೇಲೂ ಜಾರಿಯಾಗಿರಲಿಲ್ಲ.

ಆಗಿದ್ದು ಇಷ್ಟು. 2025ರ ಜನವರಿ 20, ಅಧಿಕಾರಕ್ಕೆ ಬಂದ ದಿನವೇ ಟ್ರಂಪ್ 14160ನೇ ಆದೇಶಕ್ಕೆ ಸಹಿ ಹಾಕಿದರು. ಅದರ ಪ್ರಕಾರ, ಮಗು ಹುಟ್ಟುವಾಗ ತಾಯಿ ಅಕ್ರಮವಾಗಿ ಅಲ್ಲಿದ್ದರೆ, ಅಥವಾ ಸಕ್ರಮವಾಗಿಯೇ ಇದ್ದರೂ ತಾತ್ಕಾಲಿಕ ವೀಸಾದಲ್ಲಿ ಇದ್ದರೆ, ಜೊತೆಗೆ ತಂದೆ ಅಲ್ಲಿನ ಪೌರನೂ ಅಲ್ಲ, ಕಾಯಂ ವಾಸದ ಗ್ರೀನ್ ಕಾರ್ಡೂ ಇಲ್ಲ ಅಂದರೆ, ಅಂಥ ಮಗುವಿಗೆ ಪೌರತ್ವದ ಕಾಗದ ಕೊಡಬೇಡಿ ಅಂತ ಇಲಾಖೆಗಳಿಗೆ ಅಪ್ಪಣೆ. ಸುದ್ದಿಯಲ್ಲಿ ‘ಅಕ್ರಮ ವಲಸಿಗರ ಮಕ್ಕಳು’ ಅಂತಷ್ಟೇ ಬಂತು. ಆ ಎರಡನೇ ಭಾಗ, ತಾತ್ಕಾಲಿಕ ವೀಸಾ ಅನ್ನುವುದು, ನಿಮ್ಮ ಮಗಳಂಥವರನ್ನು ನೇರವಾಗಿ ಹಿಡಿಯುತ್ತದೆ. ಗ್ರೀನ್ ಕಾರ್ಡಿಗೆ ಭಾರತೀಯರು ಎಷ್ಟು ವರ್ಷ ಸಾಲಿನಲ್ಲಿ ನಿಲ್ಲಬೇಕು ಅಂತ ನಿಮಗೆ ಗೊತ್ತಲ್ಲ. ಹದಿನೈದು ವರ್ಷ ತೆರಿಗೆ ಕಟ್ಟಿ, ಸಾಲ ಮಾಡಿ ಮನೆ ತೆಗೆದುಕೊಂಡವರೂ ಕಾಗದದ ಮೇಲೆ ‘ತಾತ್ಕಾಲಿಕ’. ಆದೇಶ ಹೊರಬಿದ್ದ 30 ದಿನದ ನಂತರ ಹುಟ್ಟುವ ಮಕ್ಕಳಿಗೆ ಇದು ಅಂತ ಇತ್ತು. ಆಗ ನಮ್ಮ ಕಡೆಯ ದಂಪತಿಗಳು ಗಡುವಿನೊಳಗೆ ಸಿಸೇರಿಯನ್ ಮಾಡಿಸಬಹುದಾ ಅಂತ ಡಾಕ್ಟರುಗಳನ್ನು ಕೇಳುತ್ತಿದ್ದಾರೆ ಅನ್ನುವ ಸುದ್ದಿ ಓದಿ ನನಗೆ ಹೊಟ್ಟೆ ಕಿವುಚಿದಂತಾಯಿತು. ಒಂದು ಹಾಳೆಯ ಮೇಲಿನ ತಾರೀಖಿಗಾಗಿ ತಿಂಗಳು ತುಂಬದ ಮಗುವನ್ನು ಹೊರಗೆ ತೆಗೆಸುವ ಯೋಚನೆ.

ಮೂರೇ ದಿನಕ್ಕೆ ಸಿಯಾಟಲ್‌ನ ಒಬ್ಬ ನ್ಯಾಯಾಧೀಶರು ಅದನ್ನು ತಡೆದರು. ರೇಗನ್ ಕಾಲದಲ್ಲಿ ನೇಮಕವಾದ ಹಿರಿಯರು ಅವರು, ಇದು ಎದ್ದು ಕಾಣುವ ಹಾಗೆ ಸಂವಿಧಾನಕ್ಕೆ ವಿರುದ್ಧ ಅಂದರು. ಯಾಕೆಂದರೆ 1868ರ ಹದಿನಾಲ್ಕನೇ ತಿದ್ದುಪಡಿ, ಅಮೆರಿಕದಲ್ಲಿ ಹುಟ್ಟಿ ಅಲ್ಲಿನ ಅಧಿಕಾರವ್ಯಾಪ್ತಿಗೆ ಒಳಪಟ್ಟವರು ಪೌರರು ಅನ್ನುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ತಂದೆತಾಯಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಅನ್ನುವವರು ಚೀನಾಕ್ಕೆ ಹೋಗಿ ವಾಪಸ್ ಬಂದಾಗ ಹಡಗಿನಿಂದ ಇಳಿಯಲು ಬಿಡಲಿಲ್ಲ. ಅವರು ಕೇಸು ಹಾಕಿ 1898ರಲ್ಲಿ ಗೆದ್ದರು. ಅವತ್ತಿನಿಂದ ಇದು ಮುಗಿದ ವಿಷಯ ಅಂತಲೇ ಎಲ್ಲರೂ ನಂಬಿದ್ದರು.

ಆಮೇಲೆ ಒಂದು ತಿರುವು. 2025ರ ಜೂನ್ 27ರಂದು ಸುಪ್ರೀಂ ಕೋರ್ಟ್ 6–3ರಲ್ಲಿ, ಒಬ್ಬ ಜಿಲ್ಲಾ ನ್ಯಾಯಾಧೀಶರು ಇಡೀ ದೇಶಕ್ಕೆ ಅನ್ವಯವಾಗುವ ತಡೆ ಕೊಡುವುದು ಸಾಮಾನ್ಯವಾಗಿ ಅವರ ಅಧಿಕಾರ ಮೀರಿದ್ದು ಅಂತ ಹೇಳಿತು. ಆದೇಶ ಸರಿಯೋ ತಪ್ಪೋ ಅಂತ ಹೇಳಲಿಲ್ಲ. ತಕ್ಷಣ ವಕೀಲರು ದಾರಿ ಬದಲಿಸಿ, ಇಂಥ ಎಲ್ಲ ಮಕ್ಕಳ ಪರವಾಗಿ ಒಂದೇ ಸಾಮೂಹಿಕ ಕೇಸು ಹಾಕಿದರು. ಜುಲೈನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ನ್ಯಾಯಾಧೀಶರು ಮತ್ತೆ ತಡೆದರು. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೂಲ ಪ್ರಶ್ನೆಯನ್ನೇ ವಿಚಾರಣೆಗೆ ತೆಗೆದುಕೊಂಡಿತು. ತೀರ್ಪು ಯಾವ ಕಡೆ ಅಂತ ನಾನು ಜ್ಯೋತಿಷ್ಯ ಹೇಳಲ್ಲ. ಮಗಳಿಗೆ ಒಂದು ಮಾತು ಹೇಳಿ, ವಾಟ್ಸಾಪ್ ಬಿಟ್ಟು ಅಲ್ಲಿನ ಒಬ್ಬ ವಲಸೆ ವಕೀಲರ ಹತ್ತಿರ ಒಮ್ಮೆ ಕೂತು ಮಾತಾಡಲಿ. ನೀವು ಬಾಣಂತನಕ್ಕೆ ಹೋಗುವ ತಯಾರಿ ಮಾಡಿ.

ಎಚ್-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕ ಹಾಕಿದ್ದೂ ಇದೇ ಥರದ ಆದೇಶವೇ?
— ಬೆಂಗಳೂರು

ಸೋದರಸಂಬಂಧಿ. ಅದನ್ನು ‘ಪ್ರೊಕ್ಲಮೇಷನ್’, ಅಂದರೆ ಘೋಷಣೆ ಅನ್ನುತ್ತಾರೆ. ಹೊರದೇಶದವರ ಪ್ರವೇಶವನ್ನು ಅಧ್ಯಕ್ಷರು ನಿರ್ಬಂಧಿಸಬಹುದು ಅಂತ ಅವರ ವಲಸೆ ಕಾನೂನಿನಲ್ಲೇ ಒಂದು ಕಲಂ ಇದೆ, ಅದನ್ನು ಹಿಡಿದು ಹೊರಡಿಸಿದ್ದು.

ಅದು ಬಂದ ದಿನ ನನಗೆ ಮರೆಯಲ್ಲ. 2025ರ ಸೆಪ್ಟೆಂಬರ್ 19, ಅಲ್ಲಿ ಶುಕ್ರವಾರ ಸಂಜೆ, ನಮಗೆ ಶನಿವಾರ ಬೆಳಗಿನ ಜಾವ. ಮಾರನೇ ದಿನ ಮಹಾಲಯ ಅಮಾವಾಸ್ಯೆ. ನಮ್ಮ ದೊಡ್ಡಮ್ಮನ ಮೊಮ್ಮಗ ತಂದೆಗೆ ಎಡೆ ಇಡಬೇಕು ಅಂತ ಹಾಸನಕ್ಕೆ ಬಂದಿದ್ದ. ಕಾಫಿ ಕುಡಿಯುವ ಹೊತ್ತಿಗೆ ಅವನ ಕಂಪನಿಯಿಂದ ಮೇಲ್, ಗಡುವಿನೊಳಗೆ ವಾಪಸ್ ಬಂದುಬಿಡಿ ಅಂತ. ಗಡುವು ಅಲ್ಲಿ ಶನಿವಾರ ಮಧ್ಯರಾತ್ರಿ ಕಳೆದು ಒಂದು ನಿಮಿಷ, ಅಂದರೆ ನಮ್ಮ ಭಾನುವಾರ ಬೆಳಿಗ್ಗೆ 9.31. ಹಾಸನದಿಂದ ದೇವನಹಳ್ಳಿ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ, ನೀವೇ ಲೆಕ್ಕ ಹಾಕಿ. ಎರಡು ಪಟ್ಟು ದುಡ್ಡು ಕೊಟ್ಟು ಟಿಕೆಟ್ ತೆಗೆದು ಹೊರಟ, ಎಡೆ ತಮ್ಮನ ಕೈಯಲ್ಲಿ ಆಯಿತು. ಅವನು ವಿಮಾನದಲ್ಲಿ ಇರುವಾಗ ಶ್ವೇತಭವನದವರು ಸ್ಪಷ್ಟನೆ ಕೊಟ್ಟರು, ಇದು ಹೊಸ ಅರ್ಜಿಗಳಿಗೆ ಮಾತ್ರ, ಒಂದು ಸಲದ ಶುಲ್ಕ, ಈಗಾಗಲೇ ವೀಸಾ ಇದ್ದವರಿಗಲ್ಲ ಅಂತ. ಆ ಒಂದು ಸಾಲನ್ನು ಮೂಲ ಹಾಳೆಯಲ್ಲೇ ಬರೆಯಲು ಏನಾಗಿತ್ತು? ಮಸೂದೆಯಾಗಿ ಬಂದಿದ್ದರೆ ಸಮಿತಿಯಲ್ಲಿ ಯಾರಾದರೂ ಒಬ್ಬ ಗುಮಾಸ್ತನಾದರೂ ಕೇಳಿರುತ್ತಿದ್ದ.

ಅಮೆರಿಕದ ಸರ್ಕಾರ ಒಮ್ಮೆ ಜನರ ಚಿನ್ನವನ್ನೇ ಕಿತ್ತುಕೊಂಡಿತ್ತು ಅಂತ ನಮ್ಮ ಅಂಗಡಿಗೆ ಬಂದವರು ಹೇಳಿದರು. ಬಿಡ್ತಾರಾ ಅಂದೆ.
— ಚಿನ್ನಬೆಳ್ಳಿ ವ್ಯಾಪಾರಿ, ಉಡುಪಿ

ನಿಜ. 1933ರ ಏಪ್ರಿಲ್ 5, ರೂಸ್‌ವೆಲ್ಟ್ ಅವರ 6102ನೇ ಆದೇಶ. ಬ್ಯಾಂಕುಗಳು ಸಾಲುಸಾಲಾಗಿ ಬೀಳುತ್ತಿದ್ದ ಕಾಲ. ಚಿನ್ನದ ನಾಣ್ಯ, ಗಟ್ಟಿ, ಚಿನ್ನದ ಸರ್ಟಿಫಿಕೇಟು ಇಟ್ಟುಕೊಂಡವರು ಮೇ 1ರೊಳಗೆ ಬ್ಯಾಂಕಿಗೆ ಕೊಡಬೇಕು, ಔನ್ಸಿಗೆ 20.67 ಡಾಲರ್. ತಲೆಗೆ ನೂರು ಡಾಲರ್ ಬೆಲೆಯ ನಾಣ್ಯ ಇಟ್ಟುಕೊಳ್ಳಬಹುದಿತ್ತು. ತಪ್ಪಿದರೆ 10,000 ಡಾಲರ್ ದಂಡ, ಹತ್ತು ವರ್ಷದವರೆಗೆ ಜೈಲು. ಜನರಿಂದ ಎಲ್ಲ ತೆಗೆದುಕೊಂಡ ಮೇಲೆ 1934ರಲ್ಲಿ ಬೆಲೆಯನ್ನು 35 ಡಾಲರಿಗೆ ಏರಿಸಿದರು. ಆ ಲಾಭ ಯಾರಿಗೆ ಹೋಯಿತು ಅಂತ ವ್ಯಾಪಾರಿಗಳಿಗೆ ನಾನು ಹೇಳಬೇಕಾ! ಅಮೆರಿಕದವರು ಮತ್ತೆ ಸ್ವಂತಕ್ಕೆ ಚಿನ್ನದ ಗಟ್ಟಿ ಇಟ್ಟುಕೊಳ್ಳಲು 1974ರ ಕೊನೆಯ ದಿನದವರೆಗೆ ಕಾಯಬೇಕಾಯಿತು.

ಇದು ತನ್ನಷ್ಟಕ್ಕೆ ತಾನೇ ಬಂದಿದ್ದಲ್ಲ, ಒಂದು ತಿಂಗಳ ಮುಂಚೆ ಕಾಂಗ್ರೆಸ್ ತುರ್ತಾಗಿ ಬ್ಯಾಂಕಿಂಗ್ ಕಾನೂನು ಮಾಡಿ ಅಧ್ಯಕ್ಷರಿಗೆ ಈ ಕೈ ಕೊಟ್ಟಿತ್ತು. ಜಾಕ್ಸನ್ ಅವರ ಮೊದಲ ಕೋಣೆ. ಹಾಗಾಗಿ ನಿಂತಿತು.

ನಿಮ್ಮ ಅಜ್ಜನ ಕಾಲದ ಕಥೆಯೂ ಇದಕ್ಕಿಂತ ಬೇರೆಯಲ್ಲ. 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರು 14 ಕ್ಯಾರೆಟ್‌ಗಿಂತ ಜಾಸ್ತಿಯ ಒಡವೆ ಮಾಡಬಾರದು ಅಂದಿದ್ದು, ಅಕ್ಕಸಾಲಿಗರ ಮನೆಯ ಕುಲುಮೆ ಆರಿದ್ದು, ಅದೂ ಮೊದಲು ಬಂದಿದ್ದು ಚೀನಾ ಯುದ್ಧದ ಹೊತ್ತಿನ ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ. ಪಾರ್ಲಿಮೆಂಟಿನ ಕಾಯ್ದೆಯಾಗಿದ್ದು 1968ರಲ್ಲಿ, ತೊಲಗಿದ್ದು 1990ರಲ್ಲಿ.

ಟ್ರಂಪ್ ಒಂದೇ ಸಹಿಯಲ್ಲಿ ಇಂಗ್ಲಿಷನ್ನು ಅಧಿಕೃತ ಭಾಷೆ ಮಾಡಿದರು. ನಮ್ಮಲ್ಲಿ ಕನ್ನಡಕ್ಕೆ ಇಂಥ ಗಂಡೆದೆ ಯಾರಿಗಿದೆ?
— ಧಾರವಾಡ

ಸ್ವಲ್ಪ ತಡೆಯಿರಿ ಸರ. ಕರ್ನಾಟಕದಲ್ಲಿ ಕನ್ನಡ ಅಧಿಕೃತ ಭಾಷೆ ಆಗಿದ್ದು 1963ರ ಕಾಯ್ದೆಯಿಂದ, ಸದನದಲ್ಲಿ ಪಾಸಾದ ಕಾನೂನು. ಯಾವ ಮುಖ್ಯಮಂತ್ರಿ ಬಂದರೂ ಒಂದು ಮಧ್ಯಾಹ್ನ ಕೂತು ಅಳಿಸಲು ಆಗಲ್ಲ. ಟ್ರಂಪ್ ಅವರ 2025ರ ಮಾರ್ಚ್ 1ರ ಆದೇಶವನ್ನು ಮುಂದಿನ ಅಧ್ಯಕ್ಷರು ಮೊದಲ ದಿನವೇ ಅಳಿಸಬಹುದು. ಯಾರದು ಗಟ್ಟಿ ಹೇಳಿ?

ಆ ಆದೇಶ ಮಾಡಿದ್ದೇನು ಅಂದರೆ, ಕ್ಲಿಂಟನ್ 2000ದಲ್ಲಿ ಹೊರಡಿಸಿದ್ದ ಇನ್ನೊಂದು ಆದೇಶವನ್ನು ರದ್ದು ಮಾಡಿದ್ದು. ಇಂಗ್ಲಿಷ್ ಸರಿಯಾಗಿ ಬಾರದವರಿಗೂ ಸರ್ಕಾರಿ ಸೇವೆ ತಲುಪುವಂತೆ ನೋಡಿಕೊಳ್ಳಿ ಅಂತ ಅದು ಹೇಳುತ್ತಿತ್ತು. ಹೊಸದು ಬೇರೆ ಭಾಷೆಯ ಫಾರಂ ನಿಲ್ಲಿಸಲೇಬೇಕು ಅಂತ ಕಡ್ಡಾಯ ಮಾಡಿಲ್ಲ, ಇಲಾಖೆಗೆ ಬಿಟ್ಟಿದೆ. ಅಂದರೆ ಪೆಟ್ಟು ಬೀಳುವುದು ಆಸ್ಪತ್ರೆಯ ಕೌಂಟರಿನಲ್ಲಿ ನಿಂತ ಒಬ್ಬ ಸ್ಪ್ಯಾನಿಷ್ ಅಥವಾ ವಿಯೆಟ್ನಾಂ ಅಜ್ಜಿಯ ಮೇಲೆ. ಬ್ಯಾಂಕಿನಲ್ಲಿ ಕನ್ನಡದ ಚಲನ್ ಇಲ್ಲ ಅಂತ ಜಗಳ ಆಡಿದ ನಮಗೆ ಆ ಅಜ್ಜಿಯ ಪಾಡು ಗೊತ್ತಾಗಬೇಕು. ಇದರಲ್ಲಿ ಕನ್ನಡಿಗ ಚಪ್ಪಾಳೆ ತಟ್ಟುವುದು ಏನಿದೆ ಅಂತ ನನಗೆ ಅರ್ಥವಾಗಿಲ್ಲ.

ಇನ್ನು ‘ಒಂದೇ ಸಹಿ’ ಅಂದಿರಲ್ಲ. ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಅನ್ನುವ ಸುಗ್ರೀವಾಜ್ಞೆಯನ್ನು 2024ರ ಜನವರಿಯಲ್ಲಿ ರಾಜ್ಯಪಾಲರು ವಾಪಸ್ ಕಳಿಸಿದಾಗ ನನಗೂ ಸಿಟ್ಟು ಬಂದಿತ್ತು. ಫೆಬ್ರುವರಿಯ ಅಧಿವೇಶನದಲ್ಲಿ ಮಸೂದೆಯಾಗಿ ಪಾಸಾಯಿತು. ಆಗಿದ್ದು ಒಳ್ಳೆಯದೇ.

ಸ್ನಾನದ ಮನೆ ಶವರ್ ಬಗ್ಗೆಯೂ ಅಧ್ಯಕ್ಷರ ಆದೇಶ ಇದೆಯಂತೆ! ಜೋಕಾ?
— ಶಿವಮೊಗ್ಗ

ಜೋಕಲ್ಲ, 14264ನೇ ನಂಬರ್, 2025ರ ಏಪ್ರಿಲ್ 9. ತಲೆ ಒದ್ದೆಯಾಗಲು ಹದಿನೈದು ನಿಮಿಷ ನಿಲ್ಲಬೇಕು ಅಂತ ಸಹಿ ಹಾಕುವಾಗ ದೂರಿದರು.

ಶವರಿನಿಂದ ನಿಮಿಷಕ್ಕೆ 2.5 ಗ್ಯಾಲನ್, ಸುಮಾರು ಒಂಬತ್ತೂವರೆ ಲೀಟರಿಗಿಂತ ಜಾಸ್ತಿ ನೀರು ಬರಬಾರದು ಅಂತ 1992ರ ಕಾನೂನಿದೆ. ಅದನ್ನು ಆದೇಶ ಮುಟ್ಟಲು ಆಗಲ್ಲ. ಮುಟ್ಟಿದ್ದು ‘ಶವರ್ ಅಂದರೆ ಏನು’ ಅನ್ನುವ ವ್ಯಾಖ್ಯೆಯನ್ನು. ನಾಲ್ಕು ಮೂತಿ ಇದ್ದರೆ ನಾಲ್ಕೂ ಸೇರಿ 2.5 ಅಂತ ಒಬಾಮಾ ಕಾಲದ ನಿಯಮ. ಒಂದೊಂದಕ್ಕೂ 2.5 ಅಂತ ಟ್ರಂಪ್ 2020ರಲ್ಲಿ ಬದಲಿಸಿದರು, ಬೈಡನ್ 2021ರಲ್ಲಿ ಹಿಂದಿನದಕ್ಕೆ ತಂದರು, ಈಗ ಮತ್ತೆ ತಿರುಗಿತು. ಸಾಮಾನ್ಯವಾಗಿ ನಿಯಮ ತೆಗೆಯುವ ಮುಂಚೆ ಜನರ ಆಕ್ಷೇಪಣೆ ಕೇಳಬೇಕು. ಇದರಲ್ಲಿ, ರದ್ದು ಮಾಡಲು ನಾನೇ ಆದೇಶಿಸುತ್ತಿರುವುದರಿಂದ ಅದರ ಅಗತ್ಯವಿಲ್ಲ ಅಂತ ಬರೆದಿದ್ದಾರೆ. ಶವರಿನ ಬಗ್ಗೆ ನಗಬಹುದು, ಈ ವಾಕ್ಯಕ್ಕೆ ನನಗೆ ನಗು ಬರಲಿಲ್ಲ. ಇವತ್ತು ಶವರ್, ನಾಳೆ ಔಷಧಿಯ ನಿಯಮಕ್ಕೂ ಇದೇ ವಾಕ್ಯ ಅಂಟಿಸಬಹುದಲ್ವಾ?

ನೀವು ಟ್ರಂಪ್ ಒಬ್ಬರನ್ನೇ ಹಿಡಿದುಕೊಂಡಿದ್ದೀರಿ. ಒಬಾಮಾ, ಬೈಡನ್ ಮಾಡಿದ್ದು ಕಾಣಲ್ವಾ? ಒಳ್ಳೇ ಆದೇಶಗಳೇ ಇಲ್ವಾ?
— ಕನ್ನಡಿಗ, ಸ್ಯಾನ್ ಹೋಸೆ

ಕಾಣುತ್ತದೆ. ಚಿಕ್ಕಂದಿನಲ್ಲಿ ದಾಖಲೆಯಿಲ್ಲದೆ ಬಂದ ಮಕ್ಕಳನ್ನು ಗಡೀಪಾರು ಮಾಡದ ‘ಡಾಕಾ’ ಯೋಜನೆಯನ್ನು ಒಬಾಮಾ ಸರ್ಕಾರ 2012ರಲ್ಲಿ ಇಲಾಖೆಯ ಒಂದು ಮೆಮೋದಿಂದ ಮಾಡಿತು, ಆದೇಶವೂ ಅಲ್ಲ ಅದು. ಉದ್ದೇಶ ನನಗೆ ಹಿಡಿಸಿತು. ಆದರೆ ಮೆಮೋ ಮೇಲೆ ಕಟ್ಟಿದ ಬದುಕು ಅಂದರೆ ಹೀಗೇ, ಅಂದಿನಿಂದ ಆ ಮಕ್ಕಳು ಕೋರ್ಟಿನಿಂದ ಕೋರ್ಟಿಗೆ ತೂಗಾಡುತ್ತಿದ್ದಾರೆ. ಬೈಡನ್ ಸುಮಾರು 400 ಬಿಲಿಯನ್ ಡಾಲರಿನ ವಿದ್ಯಾರ್ಥಿ ಸಾಲ ಮನ್ನಾ ಮಾಡಲು 2003ರ ಒಂದು ಹಳೇ ಕಾನೂನನ್ನು ಎಳೆದಾಡಿದರು, 2023ರಲ್ಲಿ ಸುಪ್ರೀಂ ಕೋರ್ಟ್ 6–3ರಲ್ಲಿ ಬೇಡ ಅಂತು. ಸರಿಯಾಗಿಯೇ ಅಂತು ಅಂತ ನನ್ನ ಅಭಿಪ್ರಾಯ, ಅದಕ್ಕೂ ಪತ್ರ ಬರಲಿ.

ಒಳ್ಳೆಯದು ಬೇಕಾ? 1948ರಲ್ಲಿ ಟ್ರೂಮನ್ 9981ನೇ ಆದೇಶದಿಂದ ಸೈನ್ಯದಲ್ಲಿ ಬಣ್ಣದ ಭೇದ ಕೊನೆಗಾಣಿಸಲು ಹೊರಟರು. ದಕ್ಷಿಣದ ಸದಸ್ಯರು ತುಂಬಿದ್ದ ಆಗಿನ ಕಾಂಗ್ರೆಸ್ ಅಂಥ ಕಾನೂನನ್ನು ಮಾಡುತ್ತಲೇ ಇರಲಿಲ್ಲ. ಸೈನ್ಯ ಅಧ್ಯಕ್ಷರ ಸ್ವಂತ ಮನೆ, ಮನೆಯೊಳಗಿನ ಕಸ ಗುಡಿಸಲು ಯಾರನ್ನೂ ಕೇಳಬೇಕಿಲ್ಲ. ಕೆಟ್ಟದ್ದು ಬೇಕಿದ್ದರೆ ನಿಮ್ಮೂರಿನ ಜಪಾನ್‌ಟೌನ್‌ಗೆ ಒಂದು ಭಾನುವಾರ ಹೋಗಿಬನ್ನಿ. ರೂಸ್‌ವೆಲ್ಟ್ ಅವರ 1942ರ ಫೆಬ್ರುವರಿ 19ರ 9066ನೇ ಆದೇಶದಲ್ಲಿ ‘ಜಪಾನಿ’ ಅನ್ನುವ ಪದ ಒಂದು ಕಡೆಯೂ ಇಲ್ಲ. ಸೇನಾ ಪ್ರದೇಶಗಳಿಂದ ‘ಯಾರನ್ನು ಬೇಕಾದರೂ’ ಹೊರಗಿಡಬಹುದು ಅಂತಷ್ಟೇ ಇದೆ. ಆ ಒಂದು ಮಾತಿನ ಮೇಲೆ ಜಪಾನಿ ಮೂಲದ ಸುಮಾರು 1.2 ಲಕ್ಷ ಜನರನ್ನು, ಮೂರರಲ್ಲಿ ಎರಡು ಪಾಲು ಅಲ್ಲೇ ಹುಟ್ಟಿದ ಪೌರರನ್ನು, ಅಂಗಡಿ ಹೊಲ ಬಿಡಿಸಿ ಮುಳ್ಳುತಂತಿಯ ಶಿಬಿರಕ್ಕೆ ಸಾಗಿಸಿದರು. 1944ರಲ್ಲಿ ಸುಪ್ರೀಂ ಕೋರ್ಟ್ ಕೂಡ ಪರವಾಗಿಲ್ಲ ಅಂದಿತು. ತಪ್ಪಾಯಿತು ಅಂತ ಹೇಳಿ ತಲೆಗೆ 20,000 ಡಾಲರ್ ಕೊಡಲು 1988 ಆಗಬೇಕಾಯಿತು, ಅದೂ ಕಾಂಗ್ರೆಸ್ಸಿನ ಕಾನೂನಿನಿಂದ. ಕೋರ್ಟ್ ಕಾಪಾಡುತ್ತದೆ ಅಂತ ಮೇಲೆ ತುಮಕೂರಿನವರಿಗೆ ಹೇಳಿದ್ದನ್ನು ಇದರ ಪಕ್ಕ ಇಟ್ಟು ಓದಿ.

ಇನ್ನೊಂದು ಜೋಡಿ ನೋಡಿ. ಕೆಲಸದಲ್ಲಿ ಜನಾಂಗಭೇದ ಕೂಡದು ಅನ್ನುವ 1964ರ ನಾಗರಿಕ ಹಕ್ಕುಗಳ ಕಾಯ್ದೆ, ಕಾಂಗ್ರೆಸ್ ಮಾಡಿದ್ದು, ಇವತ್ತಿಗೂ ಇದೆ. ಅದರ ಮರುವರ್ಷ ಅಧ್ಯಕ್ಷ ಜಾನ್ಸನ್, ಸರ್ಕಾರಿ ಗುತ್ತಿಗೆ ಹಿಡಿಯುವ ಕಂಪನಿಗಳಿಗೆ ಅದೇ ವಿಷಯದಲ್ಲಿ ಇನ್ನಷ್ಟು ಬಿಗಿ ಮಾಡಿ ಒಂದು ಆದೇಶ ಹೊರಡಿಸಿದ್ದರು. ಸುಮಾರು ಅರವತ್ತು ವರ್ಷ ಬಾಳಿತು. 2025ರ ಜನವರಿ 21ರಂದು ಒಂದು ಸಹಿಗೆ ಹೋಯಿತು. ಹಿಂದಿನ ದಿನವಷ್ಟೇ ಬೈಡನ್ ಕಾಲದ 78 ಆದೇಶ, ಮೆಮೋಗಳು ಒಟ್ಟಿಗೆ ಹೋಗಿದ್ದವು. ಅವನ್ನು ಅಳಿಸುವ ಟ್ರಂಪ್ ಸಹಿ ಬಿದ್ದಿದ್ದು ವಾಷಿಂಗ್ಟನ್ನಿನ ಒಂದು ಒಳಾಂಗಣ ಕ್ರೀಡಾಂಗಣದಲ್ಲಿ, ಸಾವಿರಾರು ಜನರ ಮುಂದೆ ಪುಟ್ಟ ಮೇಜು ಹಾಕಿಕೊಂಡು. ಸಹಿ ಮುಗಿದ ಮೇಲೆ ಅಧ್ಯಕ್ಷರು ಪೆನ್ನುಗಳನ್ನು ಜನರ ಕಡೆ ಎಸೆದರು. ಜಾತ್ರೆಯಲ್ಲಿ ತೇರಿಗೆ ಬಾಳೆಹಣ್ಣು ಎಸೆಯುತ್ತಾರಲ್ಲ, ಹಾಗೆ, ಇಲ್ಲಿ ತೇರಿನಿಂದಲೇ ಎಸೆತ.

ಒಂದು ಸೆಂಟ್ ನಾಣ್ಯ ನಿಲ್ಲಿಸಿದ ಆದೇಶದ ನಂಬರ್ ಎಷ್ಟು? ನಾಣ್ಯ ಸಂಗ್ರಹ ಮಾಡುತ್ತೇನೆ, ಆಲ್ಬಮ್‌ನಲ್ಲಿ ಬರೆಯಬೇಕು.
— ಪುತ್ತೂರು

ನಂಬರ್ ಇಲ್ಲ, ಆದೇಶವೂ ಇಲ್ಲ. 2025ರ ಫೆಬ್ರುವರಿಯ ಒಂದು ಭಾನುವಾರ ರಾತ್ರಿ ಅಧ್ಯಕ್ಷರು ಸೋಷಿಯಲ್ ಮೀಡಿಯಾದಲ್ಲಿ, ನಿಲ್ಲಿಸಲು ಖಜಾನೆ ಮಂತ್ರಿಗೆ ಹೇಳಿದ್ದೇನೆ ಅಂತ ಹಾಕಿದರು. ಒಂದು ಸೆಂಟ್ ಮಾಡಲು ಮೂರೂವರೆ ಸೆಂಟಿಗಿಂತ ಜಾಸ್ತಿ ಖರ್ಚಾಗುತ್ತಿತ್ತು, ಎಷ್ಟು ನಾಣ್ಯ ಬೇಕು ಅಂತ ತೀರ್ಮಾನಿಸುವುದನ್ನು ಕಾನೂನು ಮೊದಲೇ ಮಂತ್ರಿಗೆ ಬಿಟ್ಟಿತ್ತು. ಚಲಾವಣೆಗೆಂದು ಮಾಡುವ ನಾಣ್ಯದ ಕೊನೆಯ ಅಚ್ಚು ನವೆಂಬರ್ 12ಕ್ಕೆ ಫಿಲಡೆಲ್ಫಿಯಾದಲ್ಲಿ ಬಿತ್ತು. ಆಲ್ಬಮ್‌ನಲ್ಲಿ ಆ ತಾರೀಖು ಬರೆದುಕೊಳ್ಳಿ. ಹಳೇ ನಾಣ್ಯ ಈಗಲೂ ಚಲಾವಣೆಯಲ್ಲಿದೆ, ಯಾರಾದರೂ ‘ಬ್ಯಾನ್ ಆಗಿದೆ’ ಅಂತ ಜಾಸ್ತಿ ಬೆಲೆ ಹೇಳಿದರೆ ಕೊಡಬೇಡಿ.